ಬ್ರಾಡ್ ಸ್ಟ್ರೀಟ್ 17: ಒಂದು ಪರಿಹಾರ ಸಮಿತಿಯ ಮೊದಲ ಒಂಬತ್ತು ವರ್ಷ

1942ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಸೇಂಟ್ ಮೇರಿ ಚರ್ಚಿನ ಹಳೇ ಲೈಬ್ರರಿ ಕೋಣೆಯಲ್ಲಿ ಒಂದು ಸಭೆ ಸೇರಿತು. ಬಂದವರು ಬೆರಳೆಣಿಕೆಯ ಜನ. ಗ್ರೀಸ್‌ನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆ, ಅವರಿಗೆ ಏನಾದರೂ ಕಳಿಸಬೇಕು ಅನ್ನುವುದು ಅವರ ಆಸೆ. ಏನೂ ಹೋಗದ ಹಾಗೆ ಸಮುದ್ರಕ್ಕೆ ಬೇಲಿ ಹಾಕಿದ್ದು ಮಾತ್ರ ಬೇರೆ ಯಾರೂ ಅಲ್ಲ, ಅವರದೇ ಸರ್ಕಾರ.

ಅವತ್ತು ಹುಟ್ಟಿದ್ದು ಆಕ್ಸ್‌ಫರ್ಡ್ ಕ್ಷಾಮ ಪರಿಹಾರ ಸಮಿತಿ. ಈಗ ಅದನ್ನು ಆಕ್ಸ್‌ಫ್ಯಾಮ್ ಅನ್ನುತ್ತೇವೆ. ಆ ಹೆಸರು ಕೇಳಿದ ಕೂಡಲೇ ದೊಡ್ಡ ಆಫೀಸು, ದಪ್ಪ ವರದಿ, ವಿವಾದ ಎಲ್ಲ ನೆನಪಾಗುತ್ತವೆ. ಅವನ್ನು ಸದ್ಯಕ್ಕೆ ಬದಿಗಿಡೋಣ. ನಾನು ಇಲ್ಲಿ ನೋಡಹೊರಟಿರುವುದು 1942ರಿಂದ 1951ರವರೆಗಿನ ಕಥೆಯನ್ನು ಮಾತ್ರ. ಆಗ ಅದು ನಮ್ಮೂರಿನ ಯಾವುದೇ ಸೇವಾ ಟ್ರಸ್ಟಿನಷ್ಟೇ ಗಾತ್ರದ್ದು. ಸಂಜೆ ಕೆಲಸ ಮುಗಿಸಿ ಬಂದು ಮೀಟಿಂಗ್ ಮಾಡಿ ಮನೆಗೆ ಹೋಗುವವರ ಸಂಸ್ಥೆ.

ಅದೇ ಕಾಲಕ್ಕೆ ಇಂಗ್ಲೆಂಡಿನ ಬೇರೆ ಊರುಗಳಲ್ಲೂ ಇಂಥ ಸಮಿತಿಗಳು ಎದ್ದಿದ್ದವು. ಯುದ್ಧ ಮುಗಿದ ಮೇಲೆ ಹೆಚ್ಚಿನವು ಬಾಗಿಲು ಹಾಕಿದವು. ಆಕ್ಸ್‌ಫರ್ಡಿನದು ಉಳಿಯಿತು. ಯಾಕೆ? ಅವರಿಗೆ ಕರುಣೆ ಜಾಸ್ತಿ ಇತ್ತು ಅನ್ನುವ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಕರುಣೆ ಎಲ್ಲ ಊರಲ್ಲೂ ಇತ್ತು. ಇಲ್ಲಿ ಅದರ ಪಕ್ಕದಲ್ಲಿ ಒಬ್ಬ ಅಂಗಡಿಕಾರನ ಲೆಕ್ಕದ ತಲೆಯೂ ಕೂತಿತ್ತು.

ಅಥೆನ್ಸಿನ ಚಳಿಗಾಲ

1941ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಗ್ರೀಸ್‌ಗೆ ನುಗ್ಗಿತು. ಜರ್ಮನಿ, ಇಟಲಿ, ಬಲ್ಗೇರಿಯ ಮೂರೂ ಸೇರಿ ದೇಶವನ್ನು ಹಂಚಿಕೊಂಡವು. ಗ್ರೀಸ್ ಮೊದಲಿನಿಂದಲೂ ಹೊರಗಿನ ಗೋಧಿ ನಂಬಿಕೊಂಡಿದ್ದ ನಾಡು. ಬಂದ ಸೇನೆಗಳು ಗೋದಾಮಿನಲ್ಲಿದ್ದದ್ದನ್ನು ಬಾಚಿಕೊಂಡವು. ಚೆನ್ನಾಗಿ ಧಾನ್ಯ ಬೆಳೆಯುತ್ತಿದ್ದ ಈಶಾನ್ಯದ ನೆಲ ಬಲ್ಗೇರಿಯದ ಪಾಲಾಯಿತು. ಹೊರಗಿನಿಂದ ತರಿಸೋಣವೆಂದರೆ ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆ ಕಾವಲು ಕೂತಿತ್ತು.

ಬ್ರಿಟನ್ನಿನ ವಾದ ಸರಳ. ಶತ್ರುವಿನ ಕೈಯಲ್ಲಿರುವ ಯಾವ ನಾಡಿಗೂ ಆಹಾರ ಬಿಡಬಾರದು. ಬಿಟ್ಟರೆ ಅದು ಶತ್ರುವಿನ ಹೊಟ್ಟೆಗೇ ಹೋಗುತ್ತದೆ. ನಾಡು ಹಿಡಿದವನೇ ಆ ಜನರಿಗೆ ಅನ್ನ ಹಾಕಲಿ. ಚರ್ಚಿಲ್ 1940ರ ಆಗಸ್ಟ್‌ನಲ್ಲೇ ಸಂಸತ್ತಿನಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದ್ದರು. ಯುದ್ಧ ಮಾಡುವವರ ಲೆಕ್ಕದಲ್ಲಿ ಇದು ತಪ್ಪೂ ಅಲ್ಲ. ಆದರೆ ಹಿಡಿದವನು ಅನ್ನ ಹಾಕಲಿಲ್ಲ.

1941–42ರ ಚಳಿಗಾಲದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಹೆಣಗಳನ್ನು ಗಾಡಿಗೆ ಹಾಕಿಕೊಂಡು ಹೋಗುತ್ತಿದ್ದರು. ಒಂದು ವಿವರ ಓದಿದ ಮೇಲೆ ನನ್ನ ತಲೆಯಿಂದ ಹೋಗಿಲ್ಲ. ಮನೆಯಲ್ಲಿ ಯಾರಾದರೂ ಸತ್ತರೆ ಕೆಲವರು ಆ ಸಾವನ್ನು ಬರೆಸುತ್ತಲೇ ಇರಲಿಲ್ಲ. ಬರೆಸಿದರೆ ರೇಷನ್ ಕಾರ್ಡ್ ವಾಪಸ್ ಕೊಡಬೇಕು. ಹಾಗಾಗಿ ರಾತ್ರಿ ಹೊತ್ತು ಹೆಣವನ್ನು ಸ್ಮಶಾನದ ಗೋಡೆ ಪಕ್ಕ ಬಿಟ್ಟುಬರುತ್ತಿದ್ದರು. ಸತ್ತವರ ಕಾರ್ಡಿನಲ್ಲಿ ಇದ್ದವರು ಒಂದೆರಡು ದಿನ ಹೆಚ್ಚು ಉಣ್ಣಬಹುದಿತ್ತು. ಹೀಗಾಗಿ ಸಾವಿನ ಲೆಕ್ಕ ಪಕ್ಕಾ ಇಲ್ಲ. ಇಡೀ ಯುದ್ಧಕಾಲದಲ್ಲಿ ಸುಮಾರು 3 ಲಕ್ಷ ಜನ ಹೋದರು ಅನ್ನುವುದು ಸಾಮಾನ್ಯವಾಗಿ ಕೇಳಿಬರುವ ಅಂದಾಜು.

ಮೊದಲು ಸಹಾಯಕ್ಕೆ ಬಂದದ್ದು ನೆರೆಯ ಟರ್ಕಿ. ಟರ್ಕಿ ಇದ್ದದ್ದು ದಿಗ್ಬಂಧನದ ಬೇಲಿಯ ಒಳಗೇ, ಹಾಗಾಗಿ ಅಲ್ಲಿಂದ ಕಾಳುಕಡಿ ಹೋಗಲು ಬ್ರಿಟನ್ ಒಪ್ಪಿತು. ರೆಡ್ ಕ್ರಾಸ್‌ನಂಥದೇ ಸಂಸ್ಥೆಯಾದ ರೆಡ್ ಕ್ರೆಸೆಂಟ್‌ನ ಗುರುತು ಬಳಿದುಕೊಂಡ ಕುರ್ತುಲುಶ್ ಅನ್ನುವ ಹಳೇ ಹಡಗು 1941ರ ಅಕ್ಟೋಬರ್‌ನಲ್ಲಿ ಇಸ್ತಾಂಬುಲ್‌ನಿಂದ ಹೊರಟಿತು. ಅಥೆನ್ಸಿನ ಪಿರೇಯಸ್ ಬಂದರಿಗೆ ನಾಲ್ಕು ಸಲ ಹೋಗಿಬಂತು. ಐದನೇ ಸಲ, 1942ರ ಜನವರಿಯಲ್ಲಿ, ಬಿರುಗಾಳಿಗೆ ಸಿಕ್ಕಿ ಮಾರ್ಮರ ಸಮುದ್ರದಲ್ಲಿ ಮುಳುಗಿತು. ಅದರ ಜಾಗಕ್ಕೆ ಇನ್ನೊಂದು ಹಡಗು ಬಂತು.

ಅಷ್ಟರಲ್ಲಿ ಲಂಡನ್ನಿನ ಮೇಲೆ ಒತ್ತಡ ಬಿದ್ದಿತ್ತು. ದಿಗ್ಬಂಧನ ಸ್ವಲ್ಪ ಸಡಿಲವಾಯಿತು. 1942ರ ಆಗಸ್ಟ್ ಕೊನೆಯಿಂದ ಸ್ವೀಡನ್ನಿನ ಹಡಗುಗಳು ತಿಂಗಳಿಗೆ ಸುಮಾರು 15,000 ಟನ್ ಕೆನಡಾ ಗೋಧಿ ಹೊತ್ತು ಗ್ರೀಸ್‌ಗೆ ಬರತೊಡಗಿದವು. ಹಂಚುವ ಕೆಲಸ ರೆಡ್ ಕ್ರಾಸ್ ಹೆಸರಿನಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್‌ನವರದು. ಕೊಟ್ಟ ಗೋಧಿ ಸೈನಿಕರ ತಟ್ಟೆಗೆ ಹೋಗದಂತೆ ನೋಡಿಕೊಳ್ಳುವುದೂ ಅವರದೇ ಹೊಣೆ.

ತಡವಾಗಿ ಬಂದ ಸಮಿತಿ

ತಾರೀಖು ಗಮನಿಸಿ. ಗೋಧಿ ಹಡಗು ಹೊರಟಿದ್ದು ಆಗಸ್ಟ್‌ನಲ್ಲಿ, ಆಕ್ಸ್‌ಫರ್ಡಿನವರು ಸಭೆ ಸೇರಿದ್ದು ಅಕ್ಟೋಬರ್‌ನಲ್ಲಿ. ಅಂದರೆ ದೊಡ್ಡ ಕೆಲಸ ಆಗಲೇ ಶುರುವಾಗಿತ್ತು. ಹದಿನೈದು ಸಾವಿರ ಟನ್ನಿನ ಮುಂದೆ ಒಂದು ಊರಿನ ಸಮಿತಿ ಏನು ತಾನೇ ಮಾಡೀತು?

ಮಾಡಲು ಎರಡು ಕೆಲಸ ಉಳಿದಿದ್ದವು. ಒಂದು, ಬೇಲಿಯನ್ನು ಇನ್ನಷ್ಟು ಸಡಿಲಿಸಿ ಅಂತ ಸರ್ಕಾರವನ್ನು ಒತ್ತಾಯಿಸುವುದು. ಗೋಧಿ ಬಂದರೂ ಮಕ್ಕಳಿಗೆ ಹಾಲಿನ ಪುಡಿ, ವಿಟಮಿನ್, ಔಷಧಿ ಬೇಕಿತ್ತು. ಗ್ರೀಸ್ ಅಷ್ಟೇ ಅಲ್ಲ, ಬೆಲ್ಜಿಯಂನಂಥ ಬೇರೆ ದೇಶಗಳೂ ಕಾಯುತ್ತಿದ್ದವು. ಈ ಒತ್ತಾಯದ ಮುಂದಾಳು ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್. ಅವರ ಅಧ್ಯಕ್ಷತೆಯಲ್ಲಿ ಲಂಡನ್ನಿನಲ್ಲಿ ಆ ವರ್ಷವೇ ಒಂದು ಕ್ಷಾಮ ಪರಿಹಾರ ಸಮಿತಿ ಶುರುವಾಗಿತ್ತು. ದಿಗ್ಬಂಧನ ಎತ್ತಿ ಅಂತ ಅವರು ಕೇಳಲೇ ಇಲ್ಲ. ತಟಸ್ಥ ದೇಶದವರ ಕಣ್ಣೆದುರು ಹಂಚುತ್ತೇವೆ, ಜರ್ಮನ್ನರು ಮುಟ್ಟಿದರೆ ಅವತ್ತೇ ನಿಲ್ಲಿಸುತ್ತೇವೆ, ಇಷ್ಟಕ್ಕೆ ಅವಕಾಶ ಕೊಡಿ ಅಂದರು. ಗ್ರೀಸ್‌ನ ಗೋಧಿಯೇ ಅವರ ಕೈಯಲ್ಲಿದ್ದ ಸಾಕ್ಷಿ.

ಇನ್ನೊಂದು ಕೆಲಸ, ಹಣ ಎತ್ತುವುದು.

ಯುದ್ಧದ ಹೊತ್ತಿನಲ್ಲಿ ಒತ್ತಾಯದ ಕೆಲಸ ಸಣ್ಣದಲ್ಲ. ಮಗ ಮುಂಚೂಣಿಯಲ್ಲಿರುವ ಅಮ್ಮನ ಎದುರು ನಿಂತು, ಶತ್ರು ಹಿಡಿದ ನಾಡಿಗೆ ಹಾಲು ಕಳಿಸೋಣ ಅಂತ ಕೇಳಬೇಕು. ದೇಶದ್ರೋಹಿ ಅನ್ನಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಹಾಗಾಗಿ ಯಾರು ಕೇಳುತ್ತಿದ್ದಾರೆ ಅನ್ನುವುದು ಮುಖ್ಯವಾಗುತ್ತಿತ್ತು. ಆಕ್ಸ್‌ಫರ್ಡ್ ಸಮಿತಿಯ ಹೆಸರುಗಳನ್ನು ಇದೇ ಕಣ್ಣಿನಿಂದ ನೋಡಬೇಕು. ಚರ್ಚಿನ ಪಾದ್ರಿ ಥಿಯಡೋರ್ ಮಿಲ್‌ಫರ್ಡ್. ಗ್ರೀಕ್ ಭಾಷೆಯ ನಿವೃತ್ತ ಪ್ರೊಫೆಸರ್ ಗಿಲ್ಬರ್ಟ್ ಮರ್ರೇ, ಆಗ 76 ವರ್ಷ, ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಊರಿನ ಮಾಜಿ ಮೇಯರ್, ಡಾಕ್ಟರ್ ಹೆನ್ರಿ ಗಿಲೆಟ್, ಯುದ್ಧವನ್ನೇ ಒಪ್ಪದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ನಮ್ಮ ದೇಶದ ಐಸಿಎಸ್‌ನಲ್ಲಿ ದುಡಿದು ನಿವೃತ್ತರಾಗಿದ್ದ ಸರ್ ಅಲನ್ ಪಿಮ್. ಇಂಥವರನ್ನು ಸುಮ್ನೆ ಗದರಿಸಿ ಕಳಿಸಲು ಆಗುವುದಿಲ್ಲ.

ಆದರೆ ಇಷ್ಟೇ ಜನ ಇದ್ದಿದ್ದರೆ ಆ ಸಮಿತಿ ಒಂದಷ್ಟು ಒಳ್ಳೆಯ ಪತ್ರ ಬರೆದು ಮುಗಿಯುತ್ತಿತ್ತು ಅಂತ ನನ್ನ ಅನಿಸಿಕೆ. ಮಾನಸ್ಥರೇ ತುಂಬಿದ ಸಮಿತಿಗಳನ್ನು ನಾವೂ ನೋಡಿದ್ದೇವೆ ಅಲ್ವಾ? ಲೆಟರ್‌ಹೆಡ್ಡಿನ ಎಡಗಡೆ ಹೆಸರುಗಳೆಲ್ಲ ಚೆನ್ನಾಗಿರುತ್ತವೆ, ರಸೀದಿ ಪುಸ್ತಕ ಮಾತ್ರ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ರಸೀದಿ ಪುಸ್ತಕ ಹಿಡಿದವನು ಸೆಸಿಲ್ ಜಾಕ್ಸನ್-ಕೋಲ್. ಫರ್ನಿಚರ್ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ. ಸಮಿತಿಗೆ ಗೌರವ ಕಾರ್ಯದರ್ಶಿಯಾದ. ಸಂಬಳವಿಲ್ಲ. ಫೋಟೋದಲ್ಲಿ ಮುಂದೆ ನಿಲ್ಲುವ ಹುಚ್ಚೂ ಇಲ್ಲ. ದಾನ ಕೇಳುವುದೂ ವ್ಯಾಪಾರದಷ್ಟೇ ಶ್ರದ್ಧೆ ಬೇಡುವ ಕೆಲಸ, ಜಾಹೀರಾತಿಗೆ ದುಡ್ಡು ಹಾಕದೆ ದುಡ್ಡು ಬರುವುದಿಲ್ಲ ಅನ್ನುವುದು ಅವನ ನಂಬಿಕೆ. ಮುಂದೆ ಹೆಲ್ಪ್ ದಿ ಏಜ್ಡ್, ಆಕ್ಷನ್ ಏಡ್ ಸಂಸ್ಥೆಗಳ ಹುಟ್ಟಿನಲ್ಲೂ ಇವನ ಕೈ ಇತ್ತು.

1943ರಲ್ಲಿ ಸಮಿತಿ ಕಾನೂನುಬದ್ಧವಾಗಿ ನೋಂದಣಿಯಾಯಿತು. ಒಣ ವಿಷಯ ಅನ್ನಿಸಬಹುದು. ಆದರೆ ವಿದೇಶಕ್ಕೆ ಸಹಾಯ ಕಳಿಸುವವರ ಮೊದಲ ತಲೆನೋವು ಯಾವ ಕಾಲದಲ್ಲೂ ಇದೇ. ಹಸಿದವರು ಎದುರಿಗೇ ಇದ್ದರೆ ಒಂದು ಸೌಟು ಹಿಡಿದು ನಿಂತರೆ ಆಯಿತು. ಗಡಿಯಾಚೆ ಇದ್ದರೆ ಮೊದಲು ಸರ್ಕಾರ ಹೂಂ ಅನ್ನಬೇಕು. 2022ರಲ್ಲಿ ಶ್ರೀಲಂಕಾ ಆರ್ಥಿಕವಾಗಿ ಕುಸಿದಾಗ ತಮಿಳುನಾಡು ಸರ್ಕಾರ 40,000 ಟನ್ ಅಕ್ಕಿ, 500 ಟನ್ ಹಾಲಿನ ಪುಡಿ, ಜೊತೆಗೆ ಔಷಧಿ ಕಳಿಸಲು ಮುಂದಾಯಿತು. ಒಂದು ರಾಜ್ಯ ಸರ್ಕಾರಕ್ಕೂ ಕೇಂದ್ರದ ಒಪ್ಪಿಗೆ ಬೇಕಾಯಿತು. ಅದಕ್ಕಾಗಿ ವಿಧಾನಸಭೆಯಲ್ಲಿ ನಿರ್ಣಯ ಮಾಡಬೇಕಾಯಿತು.

ನಮ್ಮ ಟ್ರಸ್ಟುಗಳಿಗೆ ಇನ್ನೊಂದು ಗಂಟೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 11(1)(ಸಿ) ಕಲಮಿನ ಪ್ರಕಾರ, ಧರ್ಮಾರ್ಥ ಟ್ರಸ್ಟು ದೇಶದ ಹೊರಗೆ ಮಾಡಿದ ಖರ್ಚಿಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುತ್ತಿರಲಿಲ್ಲ. ಅದು ಭಾರತಕ್ಕೂ ಆಸಕ್ತಿಯಿರುವ ಅಂತರರಾಷ್ಟ್ರೀಯ ಕಲ್ಯಾಣದ ಕೆಲಸವಾಗಿದ್ದು, ನೇರ ತೆರಿಗೆಗಳ ಕೇಂದ್ರ ಮಂಡಳಿ ಆದೇಶ ಕೊಟ್ಟರೆ ಮಾತ್ರ ಸಿಗುತ್ತಿತ್ತು. ಈಗ, 2026ರ ಏಪ್ರಿಲ್‌ನಿಂದ, ಕಾಯ್ದೆಯೇ ಹೊಸದಾಗಿದೆ. ನೇಪಾಳದಲ್ಲಿ ಭೂಕಂಪ ಆಯ್ತು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಣ ಎತ್ತುವ ಮೊದಲು ಆಡಿಟರಿಗೆ ಒಂದು ಫೋನ್ ಮಾಡುವುದು ಒಳ್ಳೆಯದು.

ಗ್ರೀಕ್ ವಾರ

1943ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ವಾರ ಪೂರ್ತಿ ಗ್ರೀಸ್‌ಗಾಗಿ ಹಣ ಎತ್ತಿದರು. ಹತ್ತು ಸಾವಿರ ಪೌಂಡಿಗೂ ಮೀರಿ ಬಂತು. ರೇಷನ್ನಿನ ಕಾಲ, ಊರಿನ ಎಷ್ಟೋ ಗಂಡಸರು ಯುದ್ಧದಲ್ಲಿದ್ದ ಕಾಲ. ಆ ಮೊತ್ತ ಕಡಿಮೆಯದಲ್ಲ.

ಅಲ್ಲಿ ಸಮಿತಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದು ನನಗೆ ಹೆಚ್ಚು ಹಿಡಿಸುತ್ತದೆ. ಸಮಿತಿ ತನ್ನದೇ ಹಡಗು ಹುಡುಕಲಿಲ್ಲ. ಅಥೆನ್ಸಿನಲ್ಲಿ ತನ್ನದೇ ಬೋರ್ಡು ಹಾಕಿಕೊಂಡು ಗಂಜಿ ಕೇಂದ್ರ ತೆರೆಯುವ ಕನಸು ಕಾಣಲಿಲ್ಲ. ಬಂದ ಹಣವನ್ನು ಗ್ರೀಕ್ ರೆಡ್ ಕ್ರಾಸ್‌ಗೆ ಕೊಟ್ಟಿತು. ಬೀದಿ ಗೊತ್ತಿದ್ದವರು, ಭಾಷೆ ಗೊತ್ತಿದ್ದವರು, ಯಾವ ಮನೆಯಲ್ಲಿ ಮಗು ಇದೆ ಅಂತ ಗೊತ್ತಿದ್ದವರು ಅಲ್ಲಿ ಆಗಲೇ ಇದ್ದರು. ಅವರ ಕೈ ಬಲಪಡಿಸಿದರೆ ಸಾಕಿತ್ತು. ಸ್ವಯಂಸೇವಕರಿಗೆ ಇದು ಕಷ್ಟದ ತ್ಯಾಗ. ನಾವೇ ಹೋಗಿ ನಮ್ಮ ಕೈಯಾರೆ ಕೊಡಬೇಕು ಅನ್ನುವ ಆಸೆ ಬಹಳ ಜನರಿಗೆ ಇರುತ್ತದೆ. ಅದು ಕೆಟ್ಟ ಆಸೆಯಲ್ಲ, ಆದರೆ ತುಟ್ಟಿ. ಅದರ ಟಿಕೆಟ್ಟು, ವೀಸಾ, ಊಟ, ವಸತಿ ಎಲ್ಲ ಅದೇ ಹುಂಡಿಯಿಂದ ಹೋಗುತ್ತದೆ.

ಇನ್ನು ಆ ತಿಂಗಳು ಬಂಗಾಳದಲ್ಲಿ ಏನಾಗುತ್ತಿತ್ತು ಅನ್ನುವ ಮಾತು. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ.

1943ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆ ಬಂಗಾಳದ ಕ್ಷಾಮದಲ್ಲಿ ಸತ್ತು ಬೀದಿಯಲ್ಲಿ ಬಿದ್ದ ಹೆಣಗಳ ಫೋಟೋ ಅಚ್ಚು ಹಾಕಿತ್ತು. ಆಕ್ಸ್‌ಫರ್ಡಿನಲ್ಲಿ ಗ್ರೀಕ್ ವಾರ ನಡೆದ ಅಕ್ಟೋಬರ್‌ನಲ್ಲೇ ವೇವೆಲ್ ವೈಸರಾಯ್ ಆಗಿ ಬಂದು ಕಲ್ಕತ್ತೆಗೆ ಹೋಗಿ ಆ ನರಕ ನೋಡಿದರು. ಸರ್ಕಾರಿ ವಿಚಾರಣಾ ಆಯೋಗದ ಲೆಕ್ಕದಲ್ಲೇ ಸತ್ತವರು ಸುಮಾರು 15 ಲಕ್ಷ. ನಂತರದ ಅಂದಾಜುಗಳು 30 ಲಕ್ಷದವರೆಗೂ ಹೋಗುತ್ತವೆ. ಅಂದರೆ ಗ್ರೀಸ್‌ನ ಹಲವು ಪಟ್ಟು. ಬಂಗಾಳವನ್ನು ಶತ್ರು ಹಿಡಿದಿರಲಿಲ್ಲ. ಆಳುತ್ತಿದ್ದವರು ಬ್ರಿಟಿಷರೇ. ಅಲ್ಲಿಗೆ ಅಕ್ಕಿ ಕಳಿಸಲು ಹಿಟ್ಲರನ ಅಪ್ಪಣೆ ಬೇಕಿರಲಿಲ್ಲ.

ಆಕ್ಸ್‌ಫರ್ಡಿನವರನ್ನು ಕಪಟಿಗಳು ಅಂತ ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾನು ಕರೆಯುವುದಿಲ್ಲ. ಆ ಸಮಿತಿ ಹುಟ್ಟಿದ್ದೇ ಶತ್ರು ಹಿಡಿದ ಯುರೋಪಿನ ಹಸಿವಿಗಾಗಿ. ಆದರೆ ಆ ಮೇಜಿನ ಸುತ್ತ ಭಾರತದಲ್ಲಿ ಅಧಿಕಾರ ನಡೆಸಿ ಬಂದವರೊಬ್ಬರು ಕೂತಿದ್ದರು. ಯಾರ ಹಸಿವು ಕಣ್ಣಿಗೆ ಬೀಳುತ್ತದೆ, ಯಾರದು ಬೀಳುವುದಿಲ್ಲ ಅನ್ನುವುದನ್ನು ದಾನಿಯ ಓದು, ಮೈಬಣ್ಣ, ರಾಜಕೀಯ ಎಲ್ಲ ಸೇರಿ ತೀರ್ಮಾನಿಸುತ್ತವೆ. ಗ್ರೀಕ್ ನಾಟಕ ಓದಿ ಬೆಳೆದ ಊರಿಗೆ ಗ್ರೀಸ್ ಹತ್ತಿರ. ಬಂಗಾಳ ದೂರ.

ಹಳೇ ಬಟ್ಟೆಯ ಬೆಟ್ಟ

ಯುದ್ಧ ಮುಗಿಯಿತು. ಬೇಲಿ ಹೋಯಿತು. ಈಗ ಸಾಮಾನು ಕಳಿಸಬಹುದು. ಯುರೋಪಿನ ತುಂಬ ಮನೆ ಕಳೆದುಕೊಂಡವರು, ಮೈಮೇಲೆ ಬಟ್ಟೆ ಇಲ್ಲದವರು. ಸೋತ ಜರ್ಮನಿಯಲ್ಲೂ ಹಸಿವು. ಗ್ರೀಸ್‌ನಲ್ಲಂತೂ ಅಂತರ್ಯುದ್ಧವೇ ಶುರುವಾಗಿತ್ತು. ಸಮಿತಿ ಬಟ್ಟೆ ಕೊಡಿ ಅಂತ ಕೇಳಿತು.

ಬ್ರಿಟನ್ನಿನಲ್ಲಿ ಆಗ ಬಟ್ಟೆಗೂ ರೇಷನ್. 1941ರ ಜೂನ್‌ನಲ್ಲಿ ಶುರುವಾದದ್ದು 1949ರ ಮಾರ್ಚ್‌ವರೆಗೂ ಇತ್ತು. ಹೊಸ ಕೋಟು ಕೊಳ್ಳಲು ಕೂಪನ್ ಬೇಕು. 1946ರಿಂದ ಎರಡು ವರ್ಷ ಬ್ರೆಡ್ಡಿಗೂ ರೇಷನ್ ಬಂತು, ಯುದ್ಧ ನಡೆಯುವಾಗ ಅದಕ್ಕೆ ಇರಲೇ ಇಲ್ಲ. ಇಂಥ ಹೊತ್ತಲ್ಲೂ ಜನ ಕೊಟ್ಟರು. ಎಷ್ಟು ಕೊಟ್ಟರೆಂದರೆ ಸಮಿತಿಗೆ ಸಂಭಾಳಿಸಲು ಆಗದಷ್ಟು.

ಇಲ್ಲಿಂದ ಮುಂದಿನದು ನಮ್ಮ ಕಡೆ ನೆರೆ ಬಂದಾಗ ಬಟ್ಟೆ ವಿಂಗಡಿಸಲು ಕೂತವರಿಗೆಲ್ಲ ಗೊತ್ತಿರುವ ವಿಷಯ. ಮೂಟೆ ಬಿಚ್ಚಿದರೆ ಮೊದಲು ಬರುವುದು ನ್ಯಾಫ್ತಲಿನ್ ಗುಳಿಗೆಯ ವಾಸನೆ. ಆಮೇಲೆ ಗುಂಡಿ ಕಿತ್ತ ಶರ್ಟು, ಸೀರೆಯಿಲ್ಲದ ರವಿಕೆ, ಒಂದೇ ಕಾಲಿನ ಚಪ್ಪಲಿ, ಯಾವುದೋ ಸ್ಕೂಲಿನ ಟೈ. ಪ್ಯಾಂಟಿನ ಜೇಬಿನಲ್ಲಿ ಹಳೇ ಬಸ್ ಟಿಕೆಟ್. ಅದರ ಕೆಳಗೆ ಇಸ್ತ್ರಿ ಮಾಡಿ ಮಡಚಿಟ್ಟ, ಬೆಲೆಯ ಚೀಟಿಯೂ ಹೋಗಿರದ ಹೊಸ ಹೊದಿಕೆ. ಎರಡೂ ಒಂದೇ ಬೀದಿಯಿಂದ ಬಂದಿರುತ್ತವೆ. ಒಬ್ಬರು ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಾರೆ, ಇನ್ನೊಬ್ಬರು ಅಳತೆ ಬರೆಯುತ್ತಾರೆ. ಸಂಜೆಗೆ ಮೂರು ರಾಶಿ: ಕಳಿಸುವುದು, ಕಳಿಸಬಾರದ್ದು, ಏನು ಮಾಡಬೇಕೋ ಗೊತ್ತಾಗದ್ದು. ಮೂರನೆಯದೇ ದೊಡ್ಡದು.

2004ರ ಸುನಾಮಿ ನಂತರ ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಹಳೇ ಬಟ್ಟೆಯ ಗುಡ್ಡಗಳು ಬಿದ್ದಿದ್ದವು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಮೀನುಗಾರರ ಹೆಂಗಸರು ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ಸಮುದ್ರ ಮನೆ ಕಿತ್ತುಕೊಂಡಿತ್ತು, ಮಾನ ಕಿತ್ತುಕೊಂಡಿರಲಿಲ್ಲ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಈ ಕೆಲಸದಲ್ಲಿ ಎಣಿಸಲೇಬೇಕು. ಪೆಟ್ಟಿಗೆಗೆ ತುಂಬಿ, ಬಂದರಿಗೆ ಸಾಗಿಸಿ, ಹಡಗಿನ ಬಾಡಿಗೆ ಕೊಟ್ಟು, ಆ ಕಡೆ ಸುಂಕದವರನ್ನು ದಾಟಿಸಿ, ಮತ್ತೆ ಲಾರಿಗೆ ಹಾಕಿ ತಲುಪಿಸುವಷ್ಟರಲ್ಲಿ ಒಂದು ಹಳೇ ಕೋಟಿಗೆ ಹೊಸ ಕೋಟಿನ ಬೆಲೆಯೇ ಬಿದ್ದಿರುತ್ತದೆ. ಕಳಿಸಲೇಬೇಕಾದ ಕೋಟು ಇದೆ, ನಿಜ. ಹಿಮದಲ್ಲಿ ನಡುಗುತ್ತಿರುವವರಿಗೆ ಅಂಗಡಿಯೇ ಇಲ್ಲದ ಊರಲ್ಲಿ ದುಡ್ಡು ಕೊಟ್ಟು ಏನು ಉಪಯೋಗ? ಅದಕ್ಕೆ ಸಮಿತಿ ಒಳ್ಳೆಯ ಬಟ್ಟೆಯನ್ನು ಮುಂದೆಯೂ ಕಳಿಸುತ್ತಲೇ ಇತ್ತು. ಆದರೆ ರೇಷ್ಮೆ ಗೌನು, ಬೆಳ್ಳಿ ಚಮಚ, ಗೋಡೆಯ ಚಿತ್ರ? ಅವನ್ನು ಗ್ರೀಸ್‌ನ ನಿರಾಶ್ರಿತರಿಗೆ ಕಳಿಸಿ ಏನು ಸಾಧಿಸುವುದು?

ಅಂಗಡಿ ಹುಟ್ಟಿದ್ದು ಹೀಗೆ. 1947ರ ಡಿಸೆಂಬರ್‌ನಲ್ಲಿ ಸಮಿತಿ ಬ್ರಾಡ್ ಸ್ಟ್ರೀಟಿನ 17ನೇ ನಂಬರಿನ ಕಟ್ಟಡಕ್ಕೆ ಬಂತು. ಬಟ್ಟೆ ತಂದುಕೊಡುವ ಜಾಗವೂ ಅದೇ, ಹೆಚ್ಚಾದದ್ದನ್ನು ಮಾರುವ ಅಂಗಡಿಯೂ ಅದೇ. ಮುಂದಿನ ವರ್ಷ ವ್ಯಾಪಾರ ಸರಿಯಾಗಿ ಶುರುವಾಯಿತು. ಇಂಗ್ಲೆಂಡಿಗೆ ಇದು ಹೊಸದೇನಲ್ಲ. ಯುದ್ಧದ ನಡುವೆಯೇ ರೆಡ್ ಕ್ರಾಸ್‌ನವರು ಇಂಥ ಅಂಗಡಿಗಳನ್ನು ನಡೆಸಿದ್ದರು. ಯುದ್ಧ ಮುಗಿದ ಮೇಲೂ ತೆಗೆದಿಟ್ಟುಕೊಂಡು, ವರ್ಷವಿಡೀ ನಡೆಯುವ ಆದಾಯದ ದಾರಿ ಮಾಡಿಕೊಂಡದ್ದು ಇವರ ಜಾಣತನ. ಇಲ್ಲಿಯ ಗಿರಾಕಿಗೆ ಕೂಪನ್ನಿನ ಕಾಟವಿಲ್ಲದೆ ಒಂದು ಕೋಟು ಸಿಕ್ಕಿತು. ಅಲ್ಲಿಯ ಮಗುವಿಗೆ ಆ ದುಡ್ಡಿನಲ್ಲಿ ಹಾಲು ಸಿಕ್ಕಿತು. ಕೊಟ್ಟವರಿಗೆ ಬೀರು ಖಾಲಿಯಾಯಿತು.

1949ರ ನವೆಂಬರ್‌ನಲ್ಲಿ ಜೋ ಮಿಟ್ಟಿ ಅನ್ನುವವನನ್ನು ಅಂಗಡಿಗೆ ಸಂಬಳ ಕೊಟ್ಟು ಇಟ್ಟುಕೊಂಡರು. ಸೇನೆಯಲ್ಲಿ ದುಡಿದಿದ್ದವನು. ಕಾನೂನಿಗೆ, ನೀತಿಗೆ ವಿರುದ್ಧವಲ್ಲದ ಯಾವುದನ್ನು ಕೊಟ್ಟರೂ ಮಾರುತ್ತೇನೆ ಅನ್ನುವವನು. ಮಾರಿಯೂ ತೋರಿಸಿದ. ಆ ಅಂಗಡಿಯಲ್ಲಿ ಹಲ್ಲಿನ ಸೆಟ್ಟು ಮಾರಾಟವಾಗಿದೆ, ಫ್ರಾನ್ಸಿನ ಲೂರ್ದ್ ಕ್ಷೇತ್ರದ ತೀರ್ಥ ಮಾರಾಟವಾಗಿದೆ, ಒಂದು ಜೀವಂತ ಕತ್ತೆಯೂ ಮಾರಾಟವಾಗಿದೆ. ಹಲ್ಲಿನ ಸೆಟ್ಟನ್ನು ಯಾರು ಕೊಂಡರು, ಹಾಕಿ ನೋಡಿಯೇ ಕೊಂಡರೋ ಅಂತ ನನಗೆ ಇವತ್ತಿಗೂ ಕುತೂಹಲ.

ಸ್ವಯಂಸೇವಾ ಸಂಸ್ಥೆಯಲ್ಲಿ ಸಂಬಳದವನನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಇವತ್ತಿಗೂ ಜಗಳ ಹುಟ್ಟಿಸುವ ವಿಷಯ. ನಾವು ಬಿಟ್ಟಿ ದುಡಿಯುತ್ತಿದ್ದೇವೆ, ಇವನಿಗ್ಯಾಕೆ ಸಂಬಳ ಅನ್ನುವ ಮಾತು ಯಾವ ಟ್ರಸ್ಟಿನ ಮೀಟಿಂಗಿನಲ್ಲಿ ಬಂದಿಲ್ಲ ಹೇಳಿ. ಸ್ವಯಂಸೇವಕರು ವಾರಕ್ಕೆ ಒಂದು ಮಧ್ಯಾಹ್ನ ಬರುತ್ತಾರೆ, ಚೆನ್ನಾಗಿ ಮಾಡುತ್ತಾರೆ, ಮಗಳ ಮದುವೆ ಬಂದರೆ ಎರಡು ತಿಂಗಳು ಕಾಣುವುದಿಲ್ಲ. ಅದು ಅವರ ಹಕ್ಕು. ಆದರೆ ಬೆಳಗ್ಗೆ ಬೀಗ ತೆಗೆಯುವವನು, ಸಂಜೆ ಗಲ್ಲಾ ಎಣಿಸುವವನು ಒಬ್ಬ ಬೇಕು. ಬ್ರಾಡ್ ಸ್ಟ್ರೀಟಿನಲ್ಲಿ ಕೌಂಟರಿನ ಹಿಂದೆ ಸ್ವಯಂಸೇವಕರು ಮುಂದೆಯೂ ಇದ್ದರು. ಒಬ್ಬನ ಸಂಬಳದಿಂದ ಅವರೆಲ್ಲರ ಬಿಡುವಿನ ಹೊತ್ತಿಗೆ ಬೆಲೆ ಬಂತು. ಆ ಸಂಬಳ ಉಳಿಸಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಮುಚ್ಚುವುದೋ ಬೇಡವೋ

1948ರಲ್ಲಿ ಅಮೆರಿಕದ ಮಾರ್ಷಲ್ ಯೋಜನೆ ಬಂತು. ಯುರೋಪಿಗೆ ಡಾಲರ್ ಹರಿಯತೊಡಗಿತು. ಯುದ್ಧಕಾಲದ ಸಮಿತಿಗಳು ಒಂದೊಂದಾಗಿ ಲೆಕ್ಕ ಮುಗಿಸಿದವು. ಅದರಲ್ಲಿ ತಪ್ಪೇನಿಲ್ಲ. ಒಂದು ಕೆಲಸಕ್ಕೆ ಅಂತ ಸೇರಿದವರು ಅದು ಮುಗಿದ ಮೇಲೆ ಎದ್ದುಹೋಗುವುದು ಮರ್ಯಾದೆಯೇ. ಬೋರ್ಡು ಮಾತ್ರ ಉಳಿಸಿಕೊಂಡು ಪ್ರತಿ ವರ್ಷ ಸದಸ್ಯತ್ವದ ಹಣ ಎತ್ತುವ ಸಂಘಗಳಿಗಿಂತ ಅದು ಎಷ್ಟೋ ಮೇಲು.

ಆಕ್ಸ್‌ಫರ್ಡಿನಲ್ಲೂ ಆ ಪ್ರಶ್ನೆ ಬಂತು. ಹಸಿವು ಯುರೋಪಿನಿಂದ ಹೊರಗೆ ಹೋಗಿತ್ತೇ ಹೊರತು ಲೋಕದಿಂದ ಹೋಗಿರಲಿಲ್ಲ. ನಮ್ಮಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಬೀದಿಗೆ ಬಿದ್ದಿದ್ದರು. 1948ರ ಯುದ್ಧದಲ್ಲಿ ಪ್ಯಾಲೆಸ್ಟೀನ್‌ನ ಅರಬರು ಮನೆ ಬಿಟ್ಟು ಓಡಿದ್ದರು. ಇತ್ತ ಅಂಗಡಿ ನಡೆಯುತ್ತಿತ್ತು, ದಾನಿಗಳ ವಿಳಾಸ ಕೈಯಲ್ಲಿತ್ತು. ಜಾಕ್ಸನ್-ಕೋಲ್ ಮುಚ್ಚುವ ಪಕ್ಷದವನಲ್ಲ. ಎದ್ದು ನಿಂತ ವ್ಯಾಪಾರವನ್ನು ಯಾವ ಅಂಗಡಿಕಾರನೂ ಸುಮ್ನೆ ಮುಚ್ಚುವುದಿಲ್ಲ.

1949ರಲ್ಲಿ ಸಮಿತಿ ತನ್ನ ಉದ್ದೇಶವನ್ನು ತಿದ್ದಿ ಬರೆಯಿತು. ಯುದ್ಧದಿಂದಾಗಲಿ, ಬೇರೆ ಕಾರಣಗಳಿಂದಾಗಲಿ, ಲೋಕದ ಯಾವ ಭಾಗದಲ್ಲಿ ಜನ ನೊಂದರೂ ಆ ನೋವಿಗೆ ಪರಿಹಾರ ಕೊಡುವುದು ಅಂತ. ಟ್ರಸ್ಟ್ ಡೀಡಿನ ಉದ್ದೇಶದ ಪುಟವನ್ನು ನಾವೆಲ್ಲ ಹಳೇ ಡೀಡು ನೋಡಿ ನಕಲು ಮಾಡಿಬಿಡುತ್ತೇವೆ. ಆದರೆ ಕಾಯ್ದೆಯ ಪ್ರಕಾರ ಟ್ರಸ್ಟಿನ ದುಡ್ಡು ಆ ಪುಟ ದಾಟಿ ಹೋಗುವಂತಿಲ್ಲ. ಬರ, ನೆರೆ, ಭೂಕಂಪಕ್ಕೆಲ್ಲ ದಾರಿ ತೆರೆದದ್ದು ಈ ತಿದ್ದುಪಡಿ. ಯುರೋಪಿನ ಗಡಿಯನ್ನು ತೆಗೆದುಹಾಕಿದ್ದೂ ಅದೇ.

1951ರಲ್ಲಿ ಲೆಸ್ಲಿ ಕರ್ಕ್‌ಲಿ ಪ್ರಧಾನ ಕಾರ್ಯದರ್ಶಿಯಾಗಿ ಬಂದರು. ಲೀಡ್ಸ್‌ನಿಂದ ಬಂದವರು, ಕ್ವೇಕರ್. ಯುದ್ಧದ ಹೊತ್ತಿನಲ್ಲಿ ಕೋವಿ ಹಿಡಿಯುವುದಿಲ್ಲ ಅಂತ ಹಠ ಹಿಡಿದವರು. ಲೀಡ್ಸ್‌ನಲ್ಲಿ ಇಂಥದೇ ಒಂದು ಕ್ಷಾಮ ಪರಿಹಾರ ಸಮಿತಿ ನಡೆಸಿದ್ದವರು. ಅದೇ ವರ್ಷ ಬಿಹಾರದಲ್ಲಿ ಬರ ಬಿತ್ತು. ಸಮಿತಿ ಅಲ್ಲಿಗೆ ಹಣ ಕೊಟ್ಟಿತು. ಯುದ್ಧವಲ್ಲದ ಕಾರಣಕ್ಕೆ, ಯುರೋಪಲ್ಲದ ನೆಲಕ್ಕೆ. ಬಂಗಾಳ ಸತ್ತು ಎಂಟು ವರ್ಷವಾಗಿತ್ತು.

ಬಿಹಾರಕ್ಕೆ ಅವರು ಮತ್ತೆ ಬಂದರು. 1960ರ ದಶಕದ ನಡುವೆ ಮಳೆ ಕೈಕೊಟ್ಟಾಗ ಅಲ್ಲಿನ ಮಕ್ಕಳಿಗೆ, ತಾಯಂದಿರಿಗೆ ಹಾಲು ಹಂಚಲು ಸಮಿತಿಯ ದುಡ್ಡು ಹೋಯಿತು. ಅಷ್ಟರಲ್ಲಿ, 1965ರಲ್ಲಿ, ಸಂಸ್ಥೆ ತಂತಿ ವಿಳಾಸಕ್ಕೆ ಬಳಸುತ್ತಿದ್ದ ಆಕ್ಸ್‌ಫ್ಯಾಮ್ ಅನ್ನುವ ಗಿಡ್ಡ ಹೆಸರನ್ನೇ ಅಧಿಕೃತ ಮಾಡಿಕೊಂಡಿತ್ತು. ಭಾರತದಲ್ಲೇ ಇದ್ದು ಕೆಲಸ ನೋಡಿಕೊಳ್ಳುವ ಮೊದಲ ಕ್ಷೇತ್ರ ನಿರ್ದೇಶಕನನ್ನು ನೇಮಿಸಿದ್ದು 1968ರಲ್ಲಿ. ಮೊದಲ ಹಣ ಬಂದ 17 ವರ್ಷಗಳ ನಂತರ. ಅಲ್ಲಿಯವರೆಗೆ ಬಿಹಾರಕ್ಕೆ ಎಷ್ಟು, ಯಾವುದಕ್ಕೆ, ಯಾರ ಕೈಗೆ ಅನ್ನುವುದು ಆಕ್ಸ್‌ಫರ್ಡಿನ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿತ್ತು.